ಜೋನಿಬೆಲ್ಲದ ಒಂದು ಸೇರು ಎಷ್ಟು ಕೇಜಿ?

ನಮ್ಮ ಮಲೆನಾಡಿನ ಕಡೆ ಆಲೆಮನೆ ಶುರುವಾದರೆ ಜೋನಿಬೆಲ್ಲ ನೀರಿನ ಖಾಲಿ ಬಾಟಲಿಗಳಲ್ಲಿ ಊರೂರು ಸುತ್ತುತ್ತದೆ. ಲೀಟರ್ ಬಾಟಲಿ ತುಂಬಿಸಿ ಕೆಲವರು ‘ಒಂದು ಲೀಟರ್’ ಅನ್ನುತ್ತಾರೆ, ಕೆಲವರು ‘ಒಂದು ಕೇಜಿ’. ಎರಡೂ ಒಂದೇ ಅಂದುಕೊಂಡವರೇ ಹೆಚ್ಚು. ತಕ್ಕಡಿಗೆ ಇಟ್ಟರೆ ಆ ಬಾಟಲಿಯಲ್ಲಿರುವುದು ಸುಮಾರು 1,320ರಿಂದ 1,350 ಗ್ರಾಂ ಬೆಲ್ಲ. ಕೇಜಿ ದರಕ್ಕೆ ಬಾಟಲಿ ಕೊಡುವ ರೈತ, ಮೂರು ಬಾಟಲಿ ಮಾರುವಷ್ಟರಲ್ಲಿ ಒಂದು ಕೇಜಿ ಪುಕ್ಕಟೆ ಕೊಟ್ಟಿರುತ್ತಾನೆ.

ಈ ಗೊಂದಲದ ಬೇರು ‘ಸೇರು’ ಎಂಬ ಪದದಲ್ಲೇ ಇದೆ. ಅದು ತೂಕವೂ ಹೌದು, ಪಾತ್ರೆಯ ಅಳತೆಯೂ ಹೌದು. ಹಳೇ ಮೈಸೂರು ಸೀಮೆಯಲ್ಲಿ ಕಚ್ಚಾ ಸೇರು ಎಂದರೆ 24 ತೊಲ ತೂಕ. ತೊಲ ಎಂದರೆ ಒಂದು ಬೆಳ್ಳಿ ರೂಪಾಯಿಯ ತೂಕ, ಈಗಿನ 11.66 ಗ್ರಾಂ. ಅಲ್ಲಿಗೆ ಕಚ್ಚಾ ಸೇರು 280 ಗ್ರಾಂ. ಅಂಥ 40 ಸೇರಿಗೆ ಒಂದು ಮಣ. ಬ್ರಿಟಿಷ್ ಸರ್ಕಾರದ ಸೇರು 80 ತೊಲ, ಅಂದರೆ 933 ಗ್ರಾಂ. ಇನ್ನು ಪಕ್ಕಾ ಸೇರು ಧಾನ್ಯ ಅಳೆಯುವ ಪಾತ್ರೆ. ಅದರಲ್ಲಿ 84 ತೊಲ ಧಾನ್ಯ ಹಿಡಿಯಬೇಕು.

ತೊಡಕು ಇರುವುದು ಈ ಪಾತ್ರೆಯಲ್ಲಿ. ಕಾಳಿನ ನಡುವೆ ಗಾಳಿ ಇರುತ್ತದೆ, ಬೆಲ್ಲದ ನಡುವೆ ಇರುವುದಿಲ್ಲ. 84 ತೊಲ ಅಕ್ಕಿ ಹಿಡಿಯುವ ಪಾತ್ರೆ ಸುಮಾರು ಒಂದೂಕಾಲು ಲೀಟರಿನದು. ಅದೇ ಪಾತ್ರೆಗೆ ಜೋನಿಬೆಲ್ಲ ಸುರಿದರೆ ಒಂದು ಕೇಜಿ 600 ಗ್ರಾಂ ದಾಟುತ್ತದೆ. ಹಿರಿಯರು ಬರೆದಿಟ್ಟ ಅಡುಗೆ ಚೀಟಿಯಲ್ಲಿ ‘ಒಂದು ಸೇರು ಬೆಲ್ಲ’ ಎಂದಿದ್ದರೆ ಅದು 280 ಗ್ರಾಂ ಇರಬಹುದು, 933 ಇರಬಹುದು, 1,600 ಇರಬಹುದು. ಯಾವ ಊರಿನ ಚೀಟಿ, ಅಚ್ಚುಬೆಲ್ಲವೋ ಜೋನಿಯೋ, ಮನೆಯಲ್ಲಿ ತಕ್ಕಡಿ ಇತ್ತೋ ಇಲ್ಲವೋ ಎಂದು ಕೇಳದೆ ಕಡುಬಿಗೆ ಬೆಲ್ಲ ಹಾಕುವಂತಿಲ್ಲ. ನನ್ನ ಮಟ್ಟಿಗೆ, ಚೀಟಿಯಲ್ಲಿ ಅಕ್ಕಿಯೂ ಸೇರಿನ ಲೆಕ್ಕದಲ್ಲೇ ಇದ್ದು, ಬೆಲ್ಲ ಜೋನಿಯಾಗಿದ್ದರೆ, ಎರಡನ್ನೂ ಒಂದೇ ಪಾತ್ರೆಯಲ್ಲಿ ಅಳೆದಿದ್ದಾರೆ ಎಂದುಕೊಳ್ಳುವುದೇ ಸರಿ.

ಸ್ವತಂತ್ರ ಭಾರತ 1956ರಲ್ಲಿ ತೂಕ ಮತ್ತು ಅಳತೆ ಮಾನದಂಡ ಕಾಯ್ದೆ ತಂದಿತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂತು, 1962ರ ಏಪ್ರಿಲ್ ಹೊತ್ತಿಗೆ ವ್ಯಾಪಾರದಲ್ಲಿ ಸೇರು, ಮಣ ನಿಂತವು. ಕಾನೂನಿನಲ್ಲಿ ನಿಂತವು, ಅಡುಗೆಮನೆಯಲ್ಲಿ ಅಲ್ಲ. ಪೊಟ್ಟಣ ಸಾಮಾನಿನ ಈಗಿನ 2011ರ ನಿಯಮದ ಪ್ರಕಾರ ನೀರಿನಂತೆ ಹರಿಯುವುದಕ್ಕೆ ಲೀಟರ್, ಮಂದವಾದ ಅಂಟುಪದಾರ್ಥಕ್ಕೆ ತೂಕ. ಅಂಗಡಿಯ ಜೇನುತುಪ್ಪದ ಮೇಲೆ ಗ್ರಾಂ ಇರುವುದು ಅದಕ್ಕೇ.

ತೂಕಕ್ಕೆ ಬಂದರೆ ಎಲ್ಲ ಸರಿಹೋಯಿತೇ? ಪೂರ್ತಿ ಇಲ್ಲ. ಕೊಪ್ಪರಿಗೆಯನ್ನು ಬೇಗ ಇಳಿಸಿದರೆ ಬೆಲ್ಲದಲ್ಲಿ ನೀರು ಉಳಿಯುತ್ತದೆ. ನೂರಕ್ಕೆ 65 ಪಾಲು ಸಕ್ಕರೆ ಇರುವ ತೆಳು ಬೆಲ್ಲ ಲೀಟರಿಗೆ 1,320 ಗ್ರಾಂ ತೂಗುತ್ತದೆ, 80 ಪಾಲು ಇರುವ ಗಟ್ಟಿ ಪಾಕ 1,410. ತೂಕದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆದರೆ ಸಕ್ಕರೆ ಲೆಕ್ಕ ಹಾಕಿ: ಮೊದಲನೆಯದರಲ್ಲಿ 860 ಗ್ರಾಂ, ಎರಡನೆಯದರಲ್ಲಿ 1,130. ಲೀಟರಿನಲ್ಲಿ ಕೊಂಡವನಿಗೆ ಕಾಲು ಭಾಗದಷ್ಟು ನಷ್ಟ. ಕೇಜಿಯಲ್ಲಿ ಕೊಂಡರೆ ನಷ್ಟ ತುಸು ಕಡಿಮೆ, ಅಷ್ಟೇ. ಯುರೋಪಿನ ಸಕ್ಕರೆ ಉದ್ಯಮದವರು 19ನೇ ಶತಮಾನದಲ್ಲೇ ಇದಕ್ಕೆ ಬ್ರಿಕ್ಸ್ ಎಂಬ ಅಳತೆ ಮಾಡಿಕೊಂಡರು: ನೂರು ಗ್ರಾಂ ಪಾಕದಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂಬ ಲೆಕ್ಕ. ನಮ್ಮ ಆಲೆಮನೆಯವರು ಬೆರಳಿನ ನಡುವೆ ಎಳೆ ಹಿಡಿದು ನೋಡುವುದೂ ಅದನ್ನೇ.

ಮನೆಯಲ್ಲಿ ಮಾಡುವುದು ಸುಲಭ. ಖಾಲಿ ಲೋಟ ತೂಗಿ, ನೀರು ತುಂಬಿ ಮತ್ತೆ ತೂಗಿ. ನೀರಿನ ಗ್ರಾಂ ಎಷ್ಟೋ ಲೋಟ ಅಷ್ಟು ಮಿಲಿಲೀಟರ್. ಅದನ್ನು ಜೋನಿಬೆಲ್ಲಕ್ಕೆ 1.33ರಿಂದ, ಜೇನಿಗೆ 1.42ರಿಂದ ಗುಣಿಸಿ. 200 ಮಿಲಿಯ ಲೋಟದಲ್ಲಿ ಬೆಲ್ಲ 266 ಗ್ರಾಂ, ಜೇನು 284. ಲೋಟದಿಂದ ಸುರಿದರೆ ಒಂದಷ್ಟು ಒಳಗೇ ಅಂಟಿಕೊಳ್ಳುತ್ತದೆ, ಹಾಗಾಗಿ ಪಾತ್ರೆಯನ್ನೇ ತಕ್ಕಡಿ ಮೇಲಿಟ್ಟು ನೇರ ಸುರಿಯುವುದು ಮೇಲು.