ಪೌಲೀನೆ: ಒಂದು ಹೆಸರಿನ ಚರಿತ್ರೆ

ಗಡಿನಾಡಿನ ಕನ್ನಡ ಶಾಲೆಯೊಂದರ ಶತಮಾನೋತ್ಸವ ಸಂಚಿಕೆಯಲ್ಲಿ ಜರ್ಮನ್ ಹೆಣ್ಣುಮಕ್ಕಳ ಹೆಸರೊಂದಕ್ಕೆ ಏನು ಕೆಲಸ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಕನ್ನಡ ಕಲಿಸುವ ಯಾವ ಶಾಲೆಯೂ ಜರ್ಮನಿಯಿಂದ ಬಂದ ಇಬ್ಬರ ಋಣವನ್ನು ಮರೆಯಲಾರದು. ಒಬ್ಬರು ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರತಂದ ಹರ್ಮನ್ ಮೋಗ್ಲಿಂಗ್, ಇನ್ನೊಬ್ಬರು ಕನ್ನಡದ ಮಹಾನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್. ಇವರಿಬ್ಬರ ಹೆಸರನ್ನು ನಮ್ಮ ಶಾಲೆಯ ಮಕ್ಕಳು ತಲೆಮಾರುಗಳಿಂದ ಕಲಿತಿದ್ದಾರೆ, ಪರೀಕ್ಷೆಗಳಲ್ಲಿ ಬರೆದಿದ್ದಾರೆ. ಮೋಗ್ಲಿಂಗರ ಪತ್ನಿಯ ಹೆಸರು ಪೌಲೀನೆ. ಕಿಟ್ಟೆಲರ ಮೊದಲ ಪತ್ನಿಯ ಹೆಸರೂ ಪೌಲೀನೆ. ಈ ಹೆಸರನ್ನು ನಾವು ಯಾವ ಪಾಠದಲ್ಲೂ ಕಲಿತವರಲ್ಲ. ಈ ಕಿರು ಲೇಖನದ ಉದ್ದೇಶ ಆ ಹೆಸರನ್ನು ಒಮ್ಮೆ ಬಿಡಿಸಿ ನೋಡುವುದು.

ಪೌಲೀನೆ ಎಂಬುದರ ಬೇರು ಜರ್ಮನ್ ಭಾಷೆಯದಲ್ಲ, ಲ್ಯಾಟಿನ್ನಿನದು. ಪೌಲುಸ್ ಎಂದರೆ ಸಣ್ಣದು, ಕಿರಿದು. ರೋಮನ್ನರಲ್ಲಿ ಅದು ಮನೆತನದ ಹೆಸರಾಗಿತ್ತು. ಸಂತ ಪೌಲನಿಂದಾಗಿ ಅದು ಯೂರೋಪಿನ ಎಲ್ಲ ಭಾಷೆಗಳಿಗೂ ಹರಡಿತು. ಜರ್ಮನ್ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ಪೌಲಾ, ಪೌಲೀನೆ ಎಂಬ ರೂಪಗಳು ನೆಲೆಗೊಂಡವು. ಹತ್ತೊಂಬತ್ತನೆಯ ಶತಮಾನದಲ್ಲಿ ಅರಮನೆಯಿಂದ ಹಳ್ಳಿಯ ಮನೆಯವರೆಗೆ ಈ ಹೆಸರು ಬಳಕೆಯಲ್ಲಿತ್ತು. ಅರ್ಥವನ್ನು ಹಿಡಿದು ಕನ್ನಡಿಸುವುದಾದರೆ ಪೌಲೀನೆ ನಮ್ಮ ಪುಟ್ಟಮ್ಮ, ನಮ್ಮ ಚಿಕ್ಕಮ್ಮ, ನಮ್ಮ ಸಣ್ಣಮ್ಮ. ತಳಿ, ಡೆಂಕಣಿಕೋಟೆ, ಬಾಗಲೂರು ಸೀಮೆಯ ಹಳೆಯ ಮನೆಗಳಲ್ಲಿ ಇಂಥ ಹೆಸರುಗಳು ಅಪರಿಚಿತವಲ್ಲ. ದೂರದ ನಾಡಿನ ಹೆಸರೊಂದು ಹೀಗೆ ಒಂದೇ ಮಾತಿನಲ್ಲಿ ನಮ್ಮ ಓಣಿಯ ಹೆಸರಾಗಿಬಿಡುತ್ತದೆ.

ಹೆಸರಿನ ಅರ್ಥ ಸಣ್ಣದಾದರೂ ಹೆಸರನ್ನು ಹೊತ್ತವರು ಸಣ್ಣ ಕೆಲಸ ಮಾಡಿದವರಲ್ಲ. ಜರ್ಮನಿಯ ಇತಿಹಾಸದಲ್ಲಿ ಇಬ್ಬರು ಪೌಲೀನೆಯರು ಶಾಲೆಗೆ ಸಂಬಂಧಪಟ್ಟ ಯಾರಿಗೂ ಆಪ್ತರೆನಿಸತಕ್ಕವರು.

ಮೊದಲನೆಯವಳು ಲಿಪ್ಪೆ ಸಂಸ್ಥಾನದ ಪೌಲೀನೆ. ಜನನ 1769, ಮರಣ 1820. ಪತಿಯ ಮರಣಾನಂತರ 1802ರಿಂದ ಬಾಲಕನಾಗಿದ್ದ ಮಗನ ಪರವಾಗಿ ಆಕೆ ಆ ಪುಟ್ಟ ರಾಜ್ಯವನ್ನು ಹದಿನೆಂಟು ವರ್ಷ ಆಳಿದಳು. ನೆಪೋಲಿಯನ್ನನ ಯುದ್ಧಗಳು ಯೂರೋಪಿನ ಗಡಿಗಳನ್ನೆಲ್ಲ ಅಳಿಸಿ ಬರೆಯುತ್ತಿದ್ದ ಕಾಲದಲ್ಲಿ ತನ್ನ ಸಂಸ್ಥಾನವನ್ನು ಉಳಿಸಿಕೊಂಡಳು. 1809ರ ಆರಂಭದಿಂದ ರೈತರ ಜೀತವನ್ನು ರದ್ದುಗೊಳಿಸಿದಳು. ಅದಕ್ಕಿಂತ ಹೆಚ್ಚಾಗಿ ನಾವು ನೆನೆಯಬೇಕಾದುದು, 1802ರಲ್ಲಿ ದೆಟ್ಮೋಲ್ಡ್ ಪಟ್ಟಣದಲ್ಲಿ ಆಕೆ ತೆರೆಸಿದ ಶಿಶುಪಾಲನಾ ಗೃಹವನ್ನು. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳಲು, ಅವರಿಗೆ ಊಟವಿಟ್ಟು ಶುಚಿಯಾಗಿಡಲು ಅದು ಏರ್ಪಾಟಾಗಿತ್ತು. ಫ್ರೋಬೆಲ್ 'ಕಿಂಡರ್‌ಗಾರ್ಟನ್' ಎಂಬ ಶಬ್ದವನ್ನು ಬಳಕೆಗೆ ತಂದದ್ದು 1840ರಲ್ಲಿ. ಅದಕ್ಕೆ ಮೂರು ದಶಕಗಳಿಗೂ ಹಿಂದೆಯೇ ಈ ಗೃಹ ನಡೆಯುತ್ತಿತ್ತು. ಹೊಲಕ್ಕೆ ಹೋಗುವ ಮುನ್ನ ಮಗುವನ್ನು ಅಂಗನವಾಡಿಯಲ್ಲಿ ಬಿಟ್ಟು ಹೋಗುವ ನಮ್ಮ ತಾಯಂದಿರಿಗೆ ಆ ಏರ್ಪಾಟಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯವಳು ಪೌಲೀನೆ ಫಾನ್ ಮಾಲಿಂಕ್‌ರೋಟ್. ಜನನ 1817, ಮರಣ 1881. ಪಾಡರ್‌ಬಾರ್ನ್ ಪಟ್ಟಣದಲ್ಲಿ ಬಡವರ ಮಕ್ಕಳಿಗೆ ಆಸರೆಯಾಗಿ, ಅಂಧ ಮಕ್ಕಳ ಶಿಕ್ಷಣಕ್ಕೆ ತನ್ನ ಬಾಳನ್ನು ಮುಡಿಪಾಗಿಟ್ಟವಳು. 1849ರಲ್ಲಿ ಆಕೆ ಸ್ಥಾಪಿಸಿದ ಸಂನ್ಯಾಸಿನಿಯರ ಸಂಘವು ಮುಂದೆ ಅಮೆರಿಕದವರೆಗೂ ಹಬ್ಬಿ ಶಾಲೆಗಳನ್ನು ನಡೆಸಿತು. ಕಣ್ಣಿಲ್ಲದ ಮಗುವಿಗೂ ಅಕ್ಷರದ ಹಕ್ಕಿದೆ ಎಂಬ ಮಾತು ಇಂದು ನಮಗೆ ಸಾಮಾನ್ಯವಾಗಿ ತೋರುತ್ತದೆ. ಅಂದು ಅದನ್ನು ಕೃತಿಗಿಳಿಸಲು ಧೈರ್ಯ ಬೇಕಾಗಿತ್ತು.

ರಾಜಕುಲದವರ ಮತ್ತು ಸಂಸ್ಥಾಪಕರ ಹೆಸರುಗಳು ಕಲ್ಲಿನಲ್ಲಿ, ಕಾಗದದಲ್ಲಿ ಉಳಿಯುತ್ತವೆ. ಕನ್ನಡ ನಾಡಿಗೆ ಬಂದ ಪೌಲೀನೆಯರ ಕಥೆ ಹಾಗಲ್ಲ. ಅದನ್ನು ತಿಳಿಯಲು ಅವರು ಬಂದ ಬಗೆಯನ್ನು ಸ್ವಲ್ಪ ಅರಿಯಬೇಕು.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರ ಕೆಲಸಗಾರರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನವರು. 1820ರಿಂದ 1864ರವರೆಗೆ ಆ ರಾಜ್ಯದ ರಾಣಿಯಾಗಿದ್ದವಳ ಹೆಸರೂ ಪೌಲೀನೆ ಎಂಬುದನ್ನು ಇಲ್ಲಿ ನೆನೆಯಬಹುದು. ಆಗ ಮಂಗಳೂರೂ ನಮ್ಮ ಹೊಸೂರೂ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಊರುಗಳು. ಅದು ಕೆನರಾ ಜಿಲ್ಲೆಯಲ್ಲಿ, ಇದು ಸೇಲಂ ಜಿಲ್ಲೆಯಲ್ಲಿ. 1956ರಲ್ಲಿ ಭಾಷಾವಾರು ಪ್ರಾಂತಗಳು ಆಗುವವರೆಗೂ ಆ ಕಡಲತೀರದ ಕನ್ನಡಿಗರೂ ಈ ಬಯಲಿನ ಕನ್ನಡಿಗರೂ ಒಂದೇ ಸರಕಾರದ ಪ್ರಜೆಗಳು. ಆದುದರಿಂದ ಮಂಗಳೂರಿನ ಕಥೆ ನಮಗೆ ಪರರ ಕಥೆಯಲ್ಲ.

ಮಿಷನ್ನಿನ ಕಟ್ಟಳೆಗಳು ಬಿಗಿಯಾಗಿದ್ದವು. ಕೆಲಸಗಾರನು ಅವಿವಾಹಿತನಾಗಿಯೇ ಹೊರಡಬೇಕು. ಕೆಲವು ವರ್ಷಗಳ ಸೇವೆಯ ಬಳಿಕ ಮದುವೆಗೆ ಬಾಸೆಲ್ಲಿನ ಸಮಿತಿಯ ಅನುಮತಿ ಬೇಡಬೇಕು. ಸಮಿತಿಯು ಒಪ್ಪಿದರೆ, ಸಮಿತಿಯು ಮೆಚ್ಚಿದ ಕನ್ಯೆಯೊಬ್ಬಳು ಹಡಗನ್ನೇರಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬರಬೇಕು. ಕೈಹಿಡಿಯಲಿರುವವನ ಮುಖವನ್ನು ಬಂದರಿನಲ್ಲಿಯೇ ಮೊದಲ ಬಾರಿಗೆ ಕಂಡವರೂ ಅವರಲ್ಲಿದ್ದರು. ಬಂದ ಮೇಲೆ ಹೊಸ ಹವೆ, ಹೊಸ ಭಾಷೆ, ಜ್ವರ, ಹೆರಿಗೆ. ಇಷ್ಟರ ನಡುವೆ ಹೆಣ್ಣುಮಕ್ಕಳ ಶಾಲೆಯಲ್ಲಿ ಓದು ಬರಹ ಹೊಲಿಗೆ ಕಲಿಸುವ ಕೆಲಸವೂ ಅವರ ಪಾಲಿಗೆ ಬರುತ್ತಿತ್ತು. ಅದಕ್ಕೆ ಬೇರೆ ಸಂಬಳವಿರಲಿಲ್ಲ. ಹೆಂಡತಿಯಾದವಳ ಕರ್ತವ್ಯವೆಂದೇ ಅದನ್ನು ಎಣಿಸಲಾಗುತ್ತಿತ್ತು.

ಅತ್ಯಂತ ಕಠಿಣವಾದ ಕಟ್ಟಳೆ ಮಕ್ಕಳದು. ಶಾಲೆಯ ವಯಸ್ಸು ಬಂದೊಡನೆ ಅವರನ್ನು ಯೂರೋಪಿಗೆ ಕಳುಹಿಸಬೇಕು. 1853ರಿಂದ ಬಾಸೆಲ್ಲಿನಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ನಿಲಯವಿತ್ತು. ಮಲಯಾಳ ನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ಯೂರೋಪಿಗೆ ಹೋದವಳು ಮತ್ತೆ ತಂದೆತಾಯಿಗಳ ಬಳಿಗೆ ಭಾರತಕ್ಕೆ ಬಂದದ್ದು 1857ರಲ್ಲಿ, ತರುಣಿಯಾಗಿ. 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಾಹಿತಿ ಹರ್ಮನ್ ಹೆಸ್ಸೆ ಈ ಮರೀಯ ಮಗ. ಪರರ ಮಕ್ಕಳಿಗೆ ಅಕ್ಷರ ಕಲಿಸಲು ಬಂದ ತಾಯಂದಿರು ತಮ್ಮ ಮಕ್ಕಳ ಅಕ್ಷರಾಭ್ಯಾಸವನ್ನು ಕಣ್ಣಾರೆ ಕಾಣಲಿಲ್ಲ. ಇದು ಯಾವ ವರದಿಯ ಲೆಕ್ಕಕ್ಕೂ ಬಾರದ ವೆಚ್ಚ.

ಈ ಹಿನ್ನೆಲೆಯಲ್ಲಿ ಮೋಗ್ಲಿಂಗರ ಮನೆಯನ್ನು ನೋಡೋಣ. 1836ರಲ್ಲಿ ಮಂಗಳೂರಿಗೆ ಬಂದ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಮುಂದೆ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು ಅಚ್ಚು ಮಾಡಿಸಿದರು. ಓಲೆಗರಿಗಳಲ್ಲಿದ್ದ ಕಾವ್ಯಗಳು ಅಚ್ಚಿನ ಪುಟಕ್ಕೆ ಬಂದ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು. 1853ರಲ್ಲಿ ಅವರು ಕೊಡಗಿಗೆ ಹೋದರು. ಬಾಕ್‌ಮೈಸ್ಟರ್ ಮನೆತನದಲ್ಲಿ ಹುಟ್ಟಿದ ಪೌಲೀನೆ ಅವರ ಸಹಧರ್ಮಿಣಿ. 1860ರಲ್ಲಿ ಆಕೆಯ ದೇಹಸ್ಥಿತಿ ಕೆಟ್ಟುದರಿಂದ ದಂಪತಿಗಳು ಜರ್ಮನಿಗೆ ಮರಳಬೇಕಾಯಿತು. ಮೋಗ್ಲಿಂಗರ ಭಾರತದ ಬಾಳು ಅಲ್ಲಿಗೆ ಮುಗಿಯಿತು. ಚರಿತ್ರೆಯ ಪುಸ್ತಕಗಳಲ್ಲಿ ಈ ಪೌಲೀನೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಈ ಒಂದೇ ವಾಕ್ಯದಲ್ಲಿ, ಗಂಡನು ಹಿಂದಿರುಗಿದುದಕ್ಕೆ ಕಾರಣವಾಗಿ. ಕಾಯಿಲೆ ದಾಖಲೆಯಾಯಿತು, ದುಡಿಮೆ ದಾಖಲೆಯಾಗಲಿಲ್ಲ.

ಕಿಟ್ಟೆಲರ ಮನೆಯ ಕಥೆ ಇನ್ನೂ ಕರುಣಾಜನಕ. 1832ರಲ್ಲಿ ಹುಟ್ಟಿ 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರು ಮದುವೆಯಾದದ್ದು ಐಟ್ ಮನೆತನದ ಪೌಲೀನೆಯನ್ನು. ಆಕೆಯ ಬಾಳು ಬೇಗ ಮುಗಿಯಿತು. ಬಳಿಕ ಕಿಟ್ಟೆಲರು ಆಕೆಯ ಸೋದರಿ ಯೂಲಿಯೆಯನ್ನು ವರಿಸಿದರು. ಅಕ್ಕನ ಸಂಸಾರಕ್ಕೆ ತಂಗಿ ಬರುವ ಪದ್ಧತಿಯನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ತಾಯಿಲ್ಲದ ಮನೆಯನ್ನು ನಿಲ್ಲಿಸಲು ಹೆಣ್ಣೊಬ್ಬಳು ತೆರುವ ಬೆಲೆಯೂ ನಮಗೆ ಗೊತ್ತು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ ಛಂದಸ್ಸು, ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು, ಹೀಗೆ ಕಿಟ್ಟೆಲರ ಕೆಲಸ ಬೆಳೆಯಿತು. ಕಣ್ಣು ಸವೆಯುವಂತೆ ಪದಗಳನ್ನು ಆಯುತ್ತಿದ್ದ ವಿದ್ವಾಂಸನ ಬೆನ್ನಿಗೆ ನಿಂತದ್ದು ಒಂದು ಮನೆ. ಮೊದಲ ಪೌಲೀನೆ ಆ ನಿಘಂಟಿನ ಪುಟವನ್ನು ಕಾಣದೆಯೇ ಹೋದಳು.

ಮೋಗ್ಲಿಂಗರಿಗೆ 1858ರಲ್ಲಿ, ಕಿಟ್ಟೆಲರಿಗೆ 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. ಬೆಂಗಳೂರಿನಲ್ಲಿ ಮೇಯೊ ಹಾಲ್ ಬಳಿ ಕಿಟ್ಟೆಲರ ಪ್ರತಿಮೆಯಿದೆ. ಒಂದು ಬಡಾವಣೆಗೂ ಅವರ ಹೆಸರಿದೆ. ಈ ಗೌರವಗಳೆಲ್ಲ ಸಲ್ಲತಕ್ಕವೇ. ಯಾರದನ್ನೂ ಕಿತ್ತು ಇನ್ನಾರಿಗೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮನೆಯ ಹೆಸರು ಗಂಡಿನ ಕಡೆಯಿಂದ ಬರುವ ಸಮಾಜದಲ್ಲಿ ಹೆಣ್ಣಿಗೆ ತನ್ನದೆಂದು ಉಳಿಯುವುದು ತೊಟ್ಟಿಲಲ್ಲಿಟ್ಟ ಹೆಸರೊಂದೇ ಎಂಬುದನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ. ಪೌಲೀನೆ ಬಾಕ್‌ಮೈಸ್ಟರ್ ಪೌಲೀನೆ ಮೋಗ್ಲಿಂಗ್ ಆದಳು. ಪೌಲೀನೆ ಐಟ್ ಪೌಲೀನೆ ಕಿಟ್ಟೆಲ್ ಆದಳು. ಕಾಗದಪತ್ರಗಳಲ್ಲಿ 'ಶ್ರೀಮತಿ ಮೋಗ್ಲಿಂಗ್', 'ಶ್ರೀಮತಿ ಕಿಟ್ಟೆಲ್' ಎಂದಷ್ಟೇ ಬರೆದರೆ ಆ ಪೌಲೀನೆಯೂ ಅಳಿಸಿಹೋಗುತ್ತದೆ. ಕಿಟ್ಟೆಲರ ವಿಷಯದಲ್ಲಂತೂ ಅಕ್ಕ ಯಾರು, ತಂಗಿ ಯಾರು ಎಂಬುದೂ ತಿಳಿಯದಾಗುತ್ತದೆ.

ಈಗ ನಮ್ಮ ಹೊಸೂರು ಸೀಮೆಗೆ ಬರೋಣ. ನಮ್ಮಲ್ಲಿ ಮನೆತನದ ಹೆಸರಿನ ಬದಲು ಇನಿಷಿಯಲ್ ಇದೆ. ಹುಡುಗಿಯ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲ ಅಕ್ಷರ, ಮದುವೆಯಾದ ಮೇಲೆ ಗಂಡನ ಹೆಸರಿನ ಮೊದಲ ಅಕ್ಷರ. ಶತಮಾನೋತ್ಸವಕ್ಕಾಗಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಹೊರಟ ಯಾರಿಗೂ ಇದರ ಫಲ ಕೈಗೆ ತಾಗುತ್ತದೆ. ಹುಡುಗರನ್ನು ಗುರುತಿಸುವುದು ಸುಲಭ. ಅವರ ಊರು, ಅಕ್ಷರ, ಮನೆ ಬದಲಾಗಿರುವುದಿಲ್ಲ. ಹುಡುಗಿಯರು ಆನೇಕಲ್ಲಿಗೋ ಮಾಲೂರಿಗೋ ಕನಕಪುರದ ಕಡೆಗೋ ಕೊಟ್ಟ ಹೆಣ್ಣುಗಳಾಗಿ, ಗಡಿ ದಾಟಿ, ಅಕ್ಷರ ಬದಲಿಸಿಕೊಂಡು ಹೋಗಿರುತ್ತಾರೆ. ಹಾಗೆಯೇ ಆ ಕಡೆಯಿಂದ ಸೊಸೆಯರಾಗಿ ಬಂದವರು ಇಲ್ಲಿಯ ಮನೆಗಳಲ್ಲಿ ಕನ್ನಡವನ್ನು ಹೊತ್ತು ತಂದಿರುತ್ತಾರೆ. ಬಹುಕಾಲ ದಾಖಲಾತಿ ಪುಸ್ತಕಗಳಲ್ಲಿ ತಂದೆ ಅಥವಾ ಪೋಷಕರಿಗೆ ಮಾತ್ರ ಅಂಕಣವಿತ್ತು. ಮಗುವನ್ನು ಕೈಹಿಡಿದು ಶಾಲೆಯ ಬಾಗಿಲಿಗೆ ಕರೆತಂದವಳಿಗೆ ಅಂಕಣವಿರಲಿಲ್ಲ.

ಇದನ್ನು ಸಣ್ಣ ಮಾತೆಂದು ತಳ್ಳುವಂತಿಲ್ಲ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತಿರುವ ಈ ಸೀಮೆಯಲ್ಲಿ ಕನ್ನಡ ಶಾಲೆ ಉಳಿಯುವುದು ಸರಕಾರದ ಆದೇಶದಿಂದ ಮಾತ್ರವಲ್ಲ. ಹೊಸೂರಿನ ಕಾರ್ಖಾನೆಗಳಿಗೆ ನಾಲ್ಕು ದಿಕ್ಕಿನ ಜನ ಬಂದು, ಇಂಗ್ಲಿಷ್ ಶಾಲೆಗಳ ವಾಹನಗಳು ಹಳ್ಳಿಹಳ್ಳಿಗೂ ಬರುತ್ತಿರುವ ಈ ದಿನಗಳಲ್ಲಿಯೂ, ಮಗುವಿನ ಕಿವಿಗೆ ಮೊದಲು ಕನ್ನಡ ಬೀಳುವುದು ಅಡುಗೆಮನೆಯಲ್ಲಿ. ಯಾವ ಶಾಲೆಗೆ ಸೇರಿಸಬೇಕೆಂಬ ಮಾತು ತೀರ್ಮಾನವಾಗುವಲ್ಲಿಯೂ ತಾಯಿಯ ಮನಸ್ಸು ದೊಡ್ಡದು. ನಿಘಂಟು ಪದಗಳನ್ನು ಕಾಪಾಡುತ್ತದೆ. ಪದಗಳು ಜೀವಂತವಾಗಿರುವುದು ಅವನ್ನು ಆಡುವವರ ಬಾಯಲ್ಲಿ. ಅಂಥವರ ಹೆಸರು ಬರೆದಿಡದ ಶಾಲೆಯು ತನ್ನ ಚರಿತ್ರೆಯ ಅರ್ಧವನ್ನು ಬರೆಯದೆ ಬಿಟ್ಟಂತೆ.

ಆದುದರಿಂದ ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ, ಪೋಷಕರಲ್ಲಿ ನಮ್ಮದೊಂದು ಬಿನ್ನಹ. ತಮ್ಮ ಮನೆಯಿಂದ ಈ ಶಾಲೆಗೆ ಬಂದ ಹೆಣ್ಣುಮಕ್ಕಳ ಹೆಸರನ್ನು, ತಮ್ಮನ್ನು ಶಾಲೆಗೆ ಕಳುಹಿಸಿದ ತಾಯಿ ಅಜ್ಜಿಯರ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಗೆ ತಲುಪಿಸಬೇಕು. 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಲ್ಲ, ತೊಟ್ಟಿಲಲ್ಲಿಟ್ಟ ಹೆಸರನ್ನೇ ಬರೆಯಬೇಕು. ಹುಟ್ಟಿದ ಊರು, ಸೇರಿದ ಊರು, ಓದಿದ ತರಗತಿ ಗೊತ್ತಿದ್ದರೆ ಅದನ್ನೂ ಸೇರಿಸಬೇಕು. ಶಿಕ್ಷಕರು ಅವನ್ನು ಒಂದು ಪುಸ್ತಕದಲ್ಲಿ ಸೇರಿಸಿಟ್ಟರೆ, ಮುಂದಿನ ನೂರು ವರ್ಷಗಳ ಚರಿತ್ರೆ ಬರೆಯುವವರು ಪುಟ್ಟಮ್ಮ, ಸಣ್ಣಮ್ಮರನ್ನು ಹುಡುಕಿ ಅಲೆಯಬೇಕಾಗುವುದಿಲ್ಲ.