‘ಪಾಸ್ ಇದೆಯಾ?’ ಹೆಜ್ಜೆಯಿಂದ ಇ-ಪಾಸ್‌ವರೆಗೆ ಒಂದು ಪದದ ಪಯಣ

ನೀಲಗಿರಿಗೆ ಹೊರಟವರು ಈಗ ಗಾಡಿಗೆ ಪೆಟ್ರೋಲ್ ಹಾಕುವ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ಅದು ಪಾಸ್. ಬಂಡೀಪುರ ದಾಟಿ ಮುದುಮಲೆಯ ತೆಪ್ಪಕಾಡಿಗೆ ಬಂದರೆ ದಾರಿ ಎರಡಾಗುತ್ತದೆ. ಒಂದು ಗೂಡಲೂರಿಗೆ, ಇನ್ನೊಂದು ಮಸಿನಗುಡಿಗೆ. ಯಾವ ಕಡೆಯಿಂದ ಊಟಿಗೆ ಹತ್ತಿದರೂ ಚೆಕ್‌ಪೋಸ್ಟ್‌ನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಪಾಸ್ ಇದೆಯಾ?’

ಶಾಲೆ ಮಕ್ಕಳಿಂದ ಅಜ್ಜಿಯಂದಿರ ತನಕ ಎಲ್ಲರ ಬಾಯಲ್ಲೂ ಇರುವ ಪದ ಇದು. ಪರೀಕ್ಷೆ ಪಾಸ್, ಬಸ್ ಪಾಸ್, ಸಾಲ ಪಾಸ್, ಚೆಕ್ ಪಾಸ್, ಫುಟ್‌ಬಾಲಿನಲ್ಲಿ ಚೆಂಡು ಪಾಸ್. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಬಂದದ್ದು ಹೇಗೆ?

ಮೂಲ ಅರ್ಥ ಹೆಜ್ಜೆ

ಲ್ಯಾಟಿನ್ ಭಾಷೆಯ ‘ಪಸ್ಸುಸ್’ ಎಂದರೆ ಹೆಜ್ಜೆ. ಅದರಿಂದ ಹಳೆಯ ಫ್ರೆಂಚ್‌ನಲ್ಲಿ ‘ಪಸ್ಸೆ’, ಅಂದರೆ ದಾಟು, ಹಾದುಹೋಗು ಎಂಬ ಕ್ರಿಯಾಪದ ಹುಟ್ಟಿತು. ಅಲ್ಲಿಂದ ಇಂಗ್ಲಿಷ್‌ಗೆ ಬಂದು ‘ಪಾಸ್’ ಆಯಿತು. ರಸ್ತೆ ಬದಿಯ ಕಲ್ಲಿನಲ್ಲಿ ಹಿಂದೆ ಕಾಣುತ್ತಿದ್ದ ‘ಮೈಲು’ ಕೂಡ ಇದೇ ಸಂಬಂಧದ್ದು. ರೋಮನ್ನರ ‘ಮಿಲ್ಲೆ ಪಸ್ಸುಸ್’ ಎಂದರೆ ಸಾವಿರ ಹೆಜ್ಜೆ. ಎಡಗಾಲು, ಬಲಗಾಲು ಎರಡೂ ಸೇರಿದರೆ ಅವರಿಗೆ ಒಂದು ಹೆಜ್ಜೆ. ಹಾಗಾಗಿ ಅವರ ಮೈಲು ಸುಮಾರು 1,480 ಮೀಟರ್.

ಪ್ಯಾಸೆಂಜರ್ ಎಂದರೆ ಹಾದುಹೋಗುವವನು. ಕಳೆದುಹೋದ ಕಾಲ ‘ಪಾಸ್ಟ್’. ಕಾಡಿನ ಅಂಚಿನ ಬೋರ್ಡಿನಲ್ಲಿರುವ ‘ಟ್ರೆಸ್‌ಪಾಸ್’ ಎಂದರೆ ಗೆರೆ ಮೀರಿ ದಾಟುವುದು. ಪರೀಕ್ಷೆ ಪಾಸ್ ಎಂದರೂ ಅಷ್ಟೇ, ಒಂದು ಗೆರೆ ದಾಟಿದ್ದು.

ಬೆಟ್ಟ ದಾಟುವ ದಾರಿಗೂ ಇಂಗ್ಲಿಷ್‌ನಲ್ಲಿ ಪಾಸ್ ಎನ್ನುತ್ತಾರೆ. ಖೈಬರ್ ಪಾಸ್ ಎಲ್ಲರಿಗೂ ಗೊತ್ತು. ನಮ್ಮ ಕಡೆ ಅದಕ್ಕೆ ಘಾಟಿ. ಮಸಿನಗುಡಿಯಿಂದ ಕಲ್ಲಟ್ಟಿ ಮೂಲಕ 36 ಹೇರ್‌ಪಿನ್ ತಿರುವು ಹತ್ತುವ ರಸ್ತೆಯೂ ಒಂದು ಘಾಟಿಯೇ. ‘ಘಟ್ಟ’ ಎಂದರೆ ನದಿಗೆ ಇಳಿಯುವ ಮೆಟ್ಟಿಲೂ ಹೌದು, ಬೆಟ್ಟದ ದಾರಿಯೂ ಹೌದು. ಅಲ್ಲೂ ಹೆಜ್ಜೆ, ಇಲ್ಲೂ ಹೆಜ್ಜೆ.

ಕಾಲಿನಿಂದ ಕಾಗದಕ್ಕೆ

ದಾಟುವುದಕ್ಕೆ ಅನುಮತಿ ಬೇಕೆಂದಾಗ ಆ ಅನುಮತಿಯ ಚೀಟಿಗೇ ಪಾಸ್ ಎಂಬ ಹೆಸರು ಬಂತು. ಫ್ರೆಂಚ್‌ನಿಂದ ಬಂದ ‘ಪಾಸ್‌ಪೋರ್ಟ್’ ಪದದಲ್ಲಿ ‘ಪೋರ್ಟ್’ ಎಂದರೆ ಬಂದರು. ಮಂಗಳೂರು ಬಂದರಿನ ವ್ಯಾಪಾರ ಮತ್ತು ಗಲ್ಫ್ ದುಡಿಮೆ ಎರಡನ್ನೂ ಕಂಡ ಬ್ಯಾರಿ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಚೀಟಿಗೆ ಕಹಿ ಚರಿತ್ರೆಯೂ ಇದೆ. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರು ತಮ್ಮ ನೆಲದಲ್ಲೇ ಓಡಾಡಲು ಪಾಸ್ ಇಟ್ಟುಕೊಳ್ಳಬೇಕಿತ್ತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನು ವಿರೋಧಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿ ಸತ್ತರು. ಅದಕ್ಕೂ ಮೊದಲು, 1908ರ ಆಗಸ್ಟ್ 16ರಂದು, ಗಾಂಧೀಜಿ ನೇತೃತ್ವದಲ್ಲಿ ಭಾರತೀಯರು ತಮ್ಮ ನೋಂದಣಿ ಪತ್ರಗಳನ್ನು ಸುಟ್ಟದ್ದು ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಎದುರು. ಪಾಸ್ ಕಾನೂನು ರದ್ದಾದದ್ದು 1986ರಲ್ಲಿ.

ನೀಲಗಿರಿಯ ಲೆಕ್ಕ ಬೇರೆ

ಊಟಿಯ ಇ-ಪಾಸ್ ಜನರ ಜಾತಿ, ಬಣ್ಣ ನೋಡುವುದಿಲ್ಲ, ಗಾಡಿಗಳನ್ನು ಎಣಿಸುತ್ತದೆ. ಬೇಸಿಗೆಯ ನೂಕುನುಗ್ಗಲು ನೋಡಿ ಮದ್ರಾಸ್ ಹೈಕೋರ್ಟ್ ಆದೇಶ ಕೊಟ್ಟಿತು. 2024ರ ಮೇ 7ರಿಂದ ಅದು ಜಾರಿಗೆ ಬಂತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಗಾಡಿ ಎಂಬ ಮಿತಿಯೂ ಬಂತು. ಪಾಸ್‌ಗೆ ದುಡ್ಡಿಲ್ಲ. ಆನ್‌ಲೈನ್‌ನಲ್ಲಿ ಗಾಡಿ ನಂಬರ್, ಜನರ ಸಂಖ್ಯೆ, ಹೋಗಿಬರುವ ದಿನ ಹಾಕಿದರೆ ಆಯಿತು. ಸ್ಥಳೀಯ ಟಿಎನ್ 43 ಗಾಡಿಗಳಿಗೆ ಮತ್ತು ಸರ್ಕಾರಿ ಬಸ್‌ನಲ್ಲಿ ಹೋಗುವವರಿಗೆ ಇದು ಬೇಕಿಲ್ಲ.

ಆದರೆ ಪ್ರವಾಸಿಗರನ್ನೇ ನಂಬಿದ ಚಾಕಲೇಟ್ ಅಂಗಡಿ, ಟೀಪುಡಿ ಅಂಗಡಿ, ಹೋಟೆಲ್‌ಗಳಿಗೆ ವರ್ಷದ ಸಂಪಾದನೆ ಎಂದರೆ ಆ ಎರಡು ಮೂರು ತಿಂಗಳೇ. ಅದಕ್ಕೇ 2025ರ ಏಪ್ರಿಲ್ ಆರಂಭದಲ್ಲಿ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಇತ್ತ ಕಡಿದಾದ ಘಾಟಿ ರಸ್ತೆ, ಆನೆ ಓಡಾಡುವ ಕಾಡು, ನೀರಿನ ಕೊರತೆ ಕೂಡ ಸುಳ್ಳಲ್ಲ. ಎರಡೂ ಕಡೆ ನ್ಯಾಯ ಇರುವ ಜಗಳ ಇದು.

ಹೋಗುವ ಯುವಕರು ಒಂದು ಮಾತು ನೆನಪಿಡುವುದು ಒಳ್ಳೆಯದು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ, ಇ-ಪಾಸ್ ತೋರಿಸಿದರೂ ಗೇಟ್ ತೆಗೆಯುವುದಿಲ್ಲ. ಕಾಡಿನ ನಡುವೆ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆದರೆ, ಪ್ರಾಣಿಗಳಿಗೆ ತಿಂಡಿ ಹಾಕಿದರೆ ದಂಡ ಬೀಳುತ್ತದೆ. ಪಾಸ್ ಎಂಬ ಪದದಲ್ಲೇ ಅದರ ಮಿತಿ ಇದೆ: ಅದು ದಾಟಿ ಹೋಗಲು ಕೊಟ್ಟ ಅನುಮತಿ, ನಿಂತು ಗಲಾಟೆ ಮಾಡಲು ಕೊಟ್ಟದ್ದಲ್ಲ.