ಮನೆಯಾದ ಲಾರಿ, ಮಿಸ್ತ್ರಿಯ ಕಿವಿ: ಹಾವೇರಿ ಸೀಮೆಯ ವಾಹನ ದುರಸ್ತಿಯ ಚರಿತ್ರೆ

ಮೆಣಸಿನಕಾಯಿ ಆವಕ ಏರುವ ಜನವರಿ, ಫೆಬ್ರವರಿ ತಿಂಗಳಲ್ಲಿ ಬ್ಯಾಡಗಿ ಪೇಟೆಯ ಸುತ್ತ ಸಾಲುಗಟ್ಟಿ ನಿಂತ ಲಾರಿಗಳನ್ನು ನಸುಕಿನಲ್ಲಿ ನೋಡಬೇಕು. ಒಂದರ ಮಗ್ಗುಲಲ್ಲಿ ಸ್ಟೋವಿನ ಮೇಲೆ ಅನ್ನ ಕುದಿಯುತ್ತಿರುತ್ತದೆ. ಇನ್ನೊಂದರ ಕನ್ನಡಿಗೆ ಟವೆಲ್ ಜೋತಾಡುತ್ತಿರುತ್ತದೆ. ಕ್ಯಾಬಿನ್ನಿನೊಳಗೆ ದೇವರ ಪಟ, ಊದಿನಕಡ್ಡಿ, ಸಣ್ಣ ಫ್ಯಾನು, ಮೊಬೈಲ್ ಚಾರ್ಜರು. ಡ್ರೈವರ್ ಸೀಟಿನ ಹಿಂದಿನ ಹಲಗೆಯ ಮೇಲೆ ಮಡಚಿಟ್ಟ ಕೌದಿ. ಕರ್ನೂಲು, ಬಳ್ಳಾರಿ, ರಾಯಚೂರು ಕಡೆಯಿಂದ ಮಾಲು ತಂದವರು ಚೀಲ ಇಳಿಯುವತನಕ ಇಲ್ಲಿಯೇ ಉಂಡು, ಇಲ್ಲಿಯೇ ಮಲಗಬೇಕು. ಹೊರದೇಶಗಳಲ್ಲಿ ಮೋಟರ್‌ಹೋಮ್ ಎನ್ನುವ ವಾಹನ ರಜೆಯ ಸುಖಕ್ಕೆಂದು ಹುಟ್ಟಿತು. ನಮ್ಮ ಸೀಮೆಯಲ್ಲಿ ಗಾಲಿಯ ಮೇಲಿನ ಮನೆ ಹುಟ್ಟಿದ್ದು ಜಾತ್ರೆಯಿಂದ, ಆಮೇಲೆ ದುಡಿಮೆಯಿಂದ.

ಆ ಮನೆ ಕೆಟ್ಟು ನಿಂತಾಗ ದೋಷ ಹುಡುಕುವ ವಿದ್ಯೆ ಈ ಭಾಗದಲ್ಲಿ ಹೇಗೆ ಬೆಳೆಯಿತು ಎಂಬುದು ಈ ಲೇಖನದ ವಿಷಯ. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ಒಂದೇ ಹೆದ್ದಾರಿಯ ಮೇಲಿವೆ. ಅದು ಹಳೆಯ ಲೆಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 4, ಈಗಿನದರಲ್ಲಿ 48. ಬ್ಯಾಡಗಿಗೆ ಮೋಟೆಬೆನ್ನೂರಿನಲ್ಲಿ ತಿರುಗಬೇಕು. ಈ ದಾರಿಯ ಗ್ಯಾರೇಜುಗಳ ಜ್ಞಾನವನ್ನು ಕಂಪನಿಯ ಪುಸ್ತಕದಿಂದ ಇಳಿದು ಬಂದದ್ದೆಂದು ತಿಳಿಯುವುದು ತಪ್ಪು ಎಂಬುದು ನನ್ನ ವಾದ. ಎಂಜಿನ್ ಕಂಪನಿಯದು, ಅದರ ಬೆನ್ನಿನ ಮನೆ ಇಲ್ಲಿಯ ಬಡಿಗ, ಕಮ್ಮಾರ, ವೈರ್‌ಮನ್ ಕಟ್ಟಿದ್ದು. ಆ ಮನೆಯ ಬೇನೆ ಕಂಪನಿಗೆ ಗೊತ್ತಿರಲಿಲ್ಲ.

ಮೊದಲು ಚಕ್ಕಡಿ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆ, ದಸರೆಯ ದೇವರಗುಡ್ಡದ ಕಾರಣಿಕಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಕಟ್ಟಿದ ಚಕ್ಕಡಿಯಲ್ಲಿ ಮನೆಮಂದಿಯೆಲ್ಲ ಹೋಗುತ್ತಿದ್ದರು. ರೊಟ್ಟಿ ಗಂಟು, ನೀರಿನ ಕೊಡ, ಎತ್ತಿನ ಮೇವು, ಹಾಸಿಗೆ ಎಲ್ಲವೂ ಅದರಲ್ಲಿ. ರಾತ್ರಿ ನೊಗ ಇಳಿಸಿದ ಜಾಗವೇ ಅಡುಗೆಮನೆ, ಗಾಡಿಯ ಕೆಳಗಿನ ನೆಲವೇ ಪಡಸಾಲೆ. ಈ ಪಯಣದಲ್ಲಿ ಕೆಡುತ್ತಿದ್ದದ್ದು ಮುಖ್ಯವಾಗಿ ಗಾಲಿ. ಬೇಸಿಗೆಯ ಒಣಹವೆಗೆ ಕಟ್ಟಿಗೆ ಕುಗ್ಗುತ್ತದೆ, ಕಬ್ಬಿಣದ ಹಳಿ ಸಡಿಲಾಗುತ್ತದೆ. ಅನುಭವಿ ಗಾಡಿಯವನು ಮಲಗಿದ್ದಲ್ಲೇ ಗಾಲಿಯ ಸಪ್ಪಳ ಬದಲಾದದ್ದನ್ನು ಗುರುತಿಸುತ್ತಿದ್ದ. ತುರ್ತು ಔಷಧವೆಂದರೆ ಗಾಲಿಯನ್ನು ಹಳ್ಳದಲ್ಲೋ ಕೆರೆಯಲ್ಲೋ ರಾತ್ರಿಯಿಡೀ ನೆನೆಹಾಕುವುದು. ಕಟ್ಟಿಗೆ ಉಬ್ಬಿ ಹಳಿಯನ್ನು ಮತ್ತೆ ಬಿಗಿಯಾಗಿ ಹಿಡಿಯುತ್ತದೆ. ಕಾಯಂ ದುರಸ್ತಿ ಕಮ್ಮಾರನದು. ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ನೀರು ಹೊಯ್ಯುತ್ತಿದ್ದ. ತಣಿದ ಕಬ್ಬಿಣ ಕುಗ್ಗಿ ಕಟ್ಟಿಗೆಯನ್ನು ಅಪ್ಪಿಕೊಳ್ಳುತ್ತಿತ್ತು. ಕೀಲೆಣ್ಣೆ ಆರಿದರೆ ಅಚ್ಚು ಕಿರುಗುಟ್ಟುತ್ತದೆ. ಕಡಾಣಿ, ಅಂದರೆ ಕಡೆಗೀಲು, ಕಳಚಿದರೆ ಗಾಲಿಯೇ ಕಳಚುತ್ತದೆ. ಕಡೆಗೀಲು ವಚನಕಾರರಿಗೂ ಉಪಮೆಯಾಗಿ ಒದಗಿತೆಂದರೆ, ಸಣ್ಣ ಭಾಗದ ದೊಡ್ಡ ಹೊಣೆಯನ್ನು ಜನ ಎಷ್ಟು ಹಿಂದೆಯೇ ಕಂಡಿದ್ದರೆಂದು ತಿಳಿಯುತ್ತದೆ. ಇಂದಿನ ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ ಬೇರಿಂಗ್ ಸಪ್ಪಳ ಕೇಳುವುದು ಇದೇ ವಿದ್ಯೆಯ ಮುಂದುವರಿಕೆ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಹರಿಹರ–ಹುಬ್ಬಳ್ಳಿ ನಡುವೆ ಬಂತು; ಹುಬ್ಬಳ್ಳಿಯಲ್ಲಿ ಕಾರ್ಖಾನೆ ಎದ್ದಿತು. ಅಳತೆಗೆ ತಕ್ಕ ನಟ್ಟು, ಬೋಲ್ಟು, ಲೇಥಿನ ಕೆಲಸವನ್ನು ಈ ಭಾಗದ ಕಮ್ಮಾರರ ಮಕ್ಕಳು ಕಂಡದ್ದು ಆ ಕಾಲದಿಂದ. ಪದಗಳೂ ಹಾಗೆಯೇ ಬಂದು ಕೂಡಿದವು. ಮಿಸ್ತ್ರಿ ಪೋರ್ಚುಗೀಸರ ‘ಮೆಸ್ತ್ರೆ’ಯ ಸಂತತಿ, ಪಾನಾ ಮರಾಠಿಯ ಕಡೆಯಿಂದ ಬಂದದ್ದು, ಫಿಟರ್ ಇಂಗ್ಲಿಷಿನದು. ಅಚ್ಚು, ಕೀಲು, ಬೆಸುಗೆ, ತಗಡು ಮಾತ್ರ ನಮ್ಮವಾಗಿಯೇ ಉಳಿದವು.

ಎರಡನೆಯ ಮಹಾಯುದ್ಧದ ಪೆಟ್ರೋಲ್ ಕೊರತೆ ದುರಸ್ತಿಯ ಚರಿತ್ರೆಯಲ್ಲಿ ಒಂದು ವಿಚಿತ್ರ ಅಧ್ಯಾಯ. ಬಸ್ಸಿನ ಹಿಂಬದಿಗೆ ಒಲೆಯಂಥ ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ, ಅದರ ಅನಿಲದಿಂದ ಎಂಜಿನ್ ಓಡಿಸಿದ ಕಾಲ ಅದು. ಹೊರಡುವ ಮೊದಲು ಕೈಯಿಂದ ಬ್ಲೋವರ್ ತಿರುವಿ ಬೆಂಕಿ ಎಬ್ಬಿಸಬೇಕು. ಈ ಅನಿಲದಲ್ಲಿ ಉರಿಯುವ ಭಾಗವೆಂದರೆ ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್. ಅರ್ಧಕ್ಕೂ ಹೆಚ್ಚು ಪಾಲು ಬರೀ ಸಾರಜನಕ. ಹಾಗಾಗಿ ಎಂಜಿನ್ನಿನ ಶಕ್ತಿ ಕುಂದುತ್ತಿತ್ತು, ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕಿತ್ತು. ಬೂದಿ ತುಂಬಿ ಸೋಸುಬಟ್ಟೆ ಕಟ್ಟಿದರೆ ಗಾಡಿ ನಿಂತಿತು. ಇಂಧನ, ಗಾಳಿ, ಸೋಸುವಿಕೆ ಈ ಮೂರರ ನಂಟನ್ನು ಕೈಯಾರೆ ಕಲಿಸಿದ ಶಾಲೆ ಅದು ಎಂದು ನಾನು ಭಾವಿಸುತ್ತೇನೆ.

ಸ್ವಾತಂತ್ರ್ಯದ ನಂತರ ಡೀಸೆಲ್ ಹರಡಿತು. ಬೆಂಗಳೂರಿನಲ್ಲಿ 1951ರಲ್ಲಿ ಮೈಕೋ ಕಂಪನಿ ಆರಂಭವಾಯಿತು. ಅದರ ಇಂಧನ ಪಂಪು, ನಾಜಲ್ಲುಗಳು ಎಷ್ಟು ಮನೆಮಾತಾದವೆಂದರೆ 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದ ಮೇಲೂ ಹೆದ್ದಾರಿಯ ಬದಿಯಲ್ಲಿ ಅದು ‘ಮೈಕೋ ಪಂಪ್’ ಆಗಿಯೇ ಉಳಿದಿದೆ. 1954ರಲ್ಲಿ ಟಾಟಾ–ಮರ್ಸಿಡಿಸ್ ಬೆಂಜ್ ಲಾರಿ ಬಂತು; 1955ರಿಂದ ಅಶೋಕ್ ಲೇಲ್ಯಾಂಡ್. ಡೀಸೆಲ್ಲಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಆದ್ದರಿಂದ ಹೊಸ ರೋಗ, ಹೊಸ ಲಕ್ಷಣ. ಟ್ಯಾಂಕ್ ಬತ್ತಿದರೆ, ಪೈಪಿನ ನಟ್ಟು ಸಡಿಲಾದರೆ ‘ಏರ್ ಹಿಡಿದೈತಿ’ ಎನ್ನುತ್ತಾರೆ. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ನೊರೆ ನಿಂತು ಬರೀ ಡೀಸೆಲ್ ಬರುವತನಕ ಕಾಯಬೇಕು. ಹೊಗೆಯ ಬಣ್ಣವಂತೂ ನಾಡಿಯಿದ್ದ ಹಾಗೆ. ಕರಿ ಹೊಗೆಯೆಂದರೆ ಡೀಸೆಲ್ ಹೆಚ್ಚಾಗಿದೆ ಇಲ್ಲವೆ ಗಾಳಿ ಸಾಲದು: ಏರ್ ಫಿಲ್ಟರ್ ನೋಡು, ನಾಜಲ್ ನೋಡು. ನೀಲಿಯೆಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ರಿಂಗು ಸವೆದಿವೆ. ಬಿಳಿ ಹೊಗೆ ಬಿಡದೇ ಬಂದರೆ ಟೈಮಿಂಗ್ ತಪ್ಪಿದೆ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ನುಗ್ಗಿದೆ.

ಹೊರುವ ಮಾಲಿಗೂ ಕೆಡುವ ಭಾಗಕ್ಕೂ ನಂಟಿದೆ. ರಾಣೆಬೆನ್ನೂರು, ಹಾವೇರಿಯ ಗೋವಿನಜೋಳ ಭಾರದ ಮಾಲು. ಅದು ಮುರಿಯುವುದು ಕಮಾನು ಪಟ್ಟಿಯನ್ನು. ಬ್ಯಾಡಗಿಯ ಒಣಮೆಣಸಿನಕಾಯಿ ಹಗುರ, ಆದರೆ ಜಾಗ ತಿನ್ನುತ್ತದೆ. ಚೀಲದ ಮೇಲೆ ಚೀಲ ಏರಿಸಿದ ಲಾರಿ ತಿರುವಿನಲ್ಲಿ ಒಂದು ಕಡೆ ವಾಲುತ್ತದೆ. ಮಾಲು ಯಾವುದೆಂದು ಮೊದಲು ಕೇಳಿ ಆಮೇಲೆ ಗಾಡಿಯ ಕೆಳಗೆ ನುಸುಳುವ ಮಿಸ್ತ್ರಿಯನ್ನು ಕಂಡಿದ್ದೇನೆ.

ಈಗ ಮನೆಯ ಮಾತಿಗೆ ಬರೋಣ. ಲಾರಿ ಕ್ಯಾಬಿನ್ನು ಮನೆಯಾದದ್ದಕ್ಕೆ ಕಾನೂನಿನಲ್ಲೂ ಒಂದು ಕಾರಣ ಸಿಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, ರಾತ್ರಿ ತಂಗಬೇಕಾದ ಕಡೆ ಮಾಲೀಕರು ವಿಶ್ರಾಂತಿ ಕೋಣೆ ಒದಗಿಸಬೇಕೆನ್ನುತ್ತಿತ್ತು. ಆದರೆ ಆ ಕಾಯ್ದೆ ಅನ್ವಯಿಸುತ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ. ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಎಂಬ ವ್ಯವಹಾರ ಅದರ ಹೊರಗೇ ಉಳಿಯಿತು. ಕೋಣೆ ಸಿಗದವರು ಕ್ಯಾಬಿನ್ನನ್ನೇ ಕೋಣೆ ಮಾಡಿಕೊಂಡರು.

ಕಂಪನಿ ಕೊಡುತ್ತಿದ್ದದ್ದು ಬಹುಮಟ್ಟಿಗೆ ಚಾಸಿ ಮಾತ್ರ. ಬಾಡಿ, ಕ್ಯಾಬಿನ್ನು, ಮಲಗುವ ಹಲಗೆ ಎಲ್ಲ ಹೊರಗಡೆ ಕಟ್ಟಿಗೆ–ತಗಡಿನಲ್ಲಿ ಕಟ್ಟಿಸಿದವು. ವಿದ್ಯುತ್ ತೊಂದರೆಯ ಬೇರು ಇರುವುದು ಇಲ್ಲಿ. ವಾಹನದ ವೈರಿಂಗಿನಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿ ಮಾತ್ರ ದೀಪದವರೆಗೆ ಹೋಗುತ್ತದೆ. ಹಿಂದಿರುಗುವ ದಾರಿ ಗಾಡಿಯ ಕಬ್ಬಿಣದ ಮೈ. ಅದನ್ನೇ ಅರ್ಥ್ ಎನ್ನುವುದು. ಆದರೆ ಕಟ್ಟಿಗೆಯಲ್ಲಿ ಕರೆಂಟು ಹರಿಯದು. ಕ್ಯಾಬಿನ್ನಿನ ದೀಪ, ಫ್ಯಾನು, ಟೇಪ್ ರೆಕಾರ್ಡರ್ ಪ್ರತಿಯೊಂದಕ್ಕೂ ಚಾಸಿಗೆ ಬೇರೆ ತಂತಿ ಎಳೆಯಬೇಕು. ಎಳೆದವನು ಯಾವ ಬಣ್ಣದ ವೈರು ಕೈಗೆ ಸಿಕ್ಕಿತೋ ಅದನ್ನು ಎಳೆದ. ಕಂಪನಿಯ ನಕ್ಷೆ ಅಲ್ಲಿಗೆ ಮುಗಿಯಿತು.

ರಾಣೆಬೆನ್ನೂರಿನ ಹೆದ್ದಾರಿ ಬದಿಯ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಒಂದು ಸಂಜೆ ಕಂಡದ್ದನ್ನು ಹೇಳಬೇಕು. ಗೋವಿನಜೋಳ ಹೇರಿದ ಹಳೆಯ ಲಾರಿ. ಡ್ರೈವರ್ ಅಂದ: “ಅಣ್ಣಾ, ಹೆಡ್‌ಲೈಟ್ ಹಚ್ಚಿದ್ರ ಟೇಪ್ ಬಂದ್ ಆಕ್ಕೈತಿ. ಹಾರ್ನ್ ಒತ್ತಿದ್ರ ಲೈಟ್ ಮಿಣಕ್ ಮಿಣಕ್ ಅಂತಾವು.” ಮಿಸ್ತ್ರಿ ಡ್ಯಾಶ್‌ಬೋರ್ಡ್ ಬಿಚ್ಚಲಿಲ್ಲ, ಫ್ಯೂಸ್ ಮುಟ್ಟಲಿಲ್ಲ. ಒಂದು ದಪ್ಪ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಒತ್ತಿ, ಇನ್ನೊಂದನ್ನು ಕ್ಯಾಬಿನ್ನಿನ ತಂತಿಗಳೆಲ್ಲ ಕೂಡುವ ಬೋಲ್ಟಿಗೆ ಹಿಡಿದ. ದೀಪ ಬೆಳ್ಳಗೆ ಉರಿಯಿತು, ಟೇಪೂ ಹಾಡಿತು. “ಅರ್ಥ್ ಸತ್ತೈತಿ ತಮ್ಮಾ, ಬೇರೇನಿಲ್ಲ.” ಬೋಲ್ಟು ಬಿಚ್ಚಿದರೆ ಅದರಡಿ ತುಕ್ಕು, ಕೆಮ್ಮಣ್ಣಿನ ಧೂಳು, ಹಸಿರುಗಟ್ಟಿದ ತಾಮ್ರ. ಉಪ್ಪುಕಾಗದದಿಂದ ಉಜ್ಜಿ, ಹೊಸ ಲಗ್ ಒತ್ತಿ, ಗ್ರೀಸ್ ಸವರಿ ಬಿಗಿದ. ಅರ್ಧ ತಾಸೂ ಹಿಡಿಯಲಿಲ್ಲ. ಒಂದು ಸಾಮಾನು ಹಚ್ಚಿದರೆ ಸಂಬಂಧವಿಲ್ಲದ ಇನ್ನೊಂದು ಸೊರಗುತ್ತದೆಂದರೆ ದೋಷ ಎರಡಕ್ಕೂ ಸಮಾನವಾದ ದಾರಿಯಲ್ಲಿದೆ ಎಂಬ ತರ್ಕ ಅವನ ಆ ಒಂದೇ ಚಲನೆಯಲ್ಲಿತ್ತು.

ತಂತಿ ತುಂಡಾದ ಜಾಗ ಹುಡುಕಲು ಅವನ ಸಾಧನ ಟೆಸ್ಟ್ ಲ್ಯಾಂಪ್: ಒಂದು ಬಲ್ಬು, ಎರಡು ವೈರು. ಒಂದನ್ನು ಅರ್ಥಿಗೆ ಸಿಕ್ಕಿಸಿ, ಇನ್ನೊಂದನ್ನು ಕೆಟ್ಟ ತಂತಿಯ ನಟ್ಟನಡುವೆ ಚುಚ್ಚುತ್ತಾನೆ. ಅಲ್ಲಿ ಉರಿದರೆ ದೋಷ ಮುಂದಿನ ಅರ್ಧದಲ್ಲಿ, ಉರಿಯದಿದ್ದರೆ ಹಿಂದಿನದರಲ್ಲಿ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾನೆ. ಗಣಿತದ ಪುಸ್ತಕದಲ್ಲಿ ಇದಕ್ಕೆ ಬೇರೆ ಹೆಸರಿದೆ, ವಿದ್ಯೆ ಒಂದೇ.

ದೊಡ್ಡ ಲಾರಿಗಳು 24 ವೋಲ್ಟಿಗೆ ಬದಲಾದಾಗ ಹೊಸ ಬೇನೆ ಹುಟ್ಟಿತು. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಆದರೆ ಪೇಟೆಯಲ್ಲಿ ಸಿಗುವ ಟೇಪು, ಫ್ಯಾನು 12 ವೋಲ್ಟಿನವು. ಸುಲಭದ ದಾರಿಯೆಂದು ಒಂದೇ ಬ್ಯಾಟರಿಯಿಂದ ತಂತಿ ಎಳೆದರು. ಆ ಬ್ಯಾಟರಿ ದಿನದಿನಕ್ಕೂ ಸೊರಗಿತು. ಆಲ್ಟರ್ನೇಟರ್ ಎರಡಕ್ಕೂ ಒಂದೇ ಕರೆಂಟು ಹರಿಸುವುದರಿಂದ, ತುಂಬಿದ್ದ ಇನ್ನೊಂದು ಅತಿಯಾಗಿ ಚಾರ್ಜಾಗಿ ಅದರ ನೀರು ಆರಿತು. ಒಂದು ಹಸಿವಿನಿಂದ, ಇನ್ನೊಂದು ಅಜೀರ್ಣದಿಂದ ಸತ್ತ ಹಾಗೆ. ಮಿಸ್ತ್ರಿಗಳು ಕಂಡುಕೊಂಡ ಉಪಾಯ ಎರಡನ್ನೂ ಆಗಾಗ ಅದಲುಬದಲು ಮಾಡುವುದು. ಸರಿಯಾದ ಪರಿಹಾರವಾದ ಕನ್ವರ್ಟರ್ ಆಮೇಲೆ ಬಂತು.

 

ಬಸ್ಸಿನ ಕಥೆ ಬೇರೆ ದಾರಿ ಹಿಡಿಯಿತು. ಈ ಸೀಮೆ 1956ರವರೆಗೆ ಮುಂಬಯಿ ರಾಜ್ಯದ್ದಾಗಿದ್ದ ಧಾರವಾಡ ಜಿಲ್ಲೆಯ ಭಾಗವಾಗಿತ್ತು. 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ನಿಗಮ ಬಂತು, 1997ರಲ್ಲಿ ವಾಯವ್ಯ ಸಾರಿಗೆ ನಿಗಮ. ಹಾವೇರಿ ಜಿಲ್ಲೆಯಾದದ್ದೂ ಆ ವರ್ಷವೇ. ನಿಗಮದ ಡಿಪೊದಲ್ಲಿ ಡ್ರೈವರ್ ದೋಷವನ್ನು ಬರೆದು ಕೊಡುತ್ತಾನೆ, ಮೆಕ್ಯಾನಿಕ್ ಓದಿ ಕೆಲಸ ಮಾಡುತ್ತಾನೆ. ಅಲ್ಲಿ ಜ್ಞಾನ ಕಾಗದಕ್ಕೆ ಇಳಿಯಿತು. ಗ್ಯಾರೇಜಿನಲ್ಲಿ ಅದು ಬಾಯಿಂದ ಬಾಯಿಗೆ, ಗುರುವಿನ ಬೈಗುಳದಿಂದ ಹುಡುಗನ ಕೈಗೆ ಹೋಯಿತು. ಸಂಶೋಧಕರಿಗೆ ಮೊದಲನೆಯದರ ದಾಖಲೆ ಸಿಗುತ್ತದೆ, ಎರಡನೆಯದರದು ಸಿಗುವುದಿಲ್ಲ. ಹೆಚ್ಚು ಶ್ರೀಮಂತವಾದದ್ದು ಎರಡನೆಯದೇ.

ರಾಜ್ಯದ 2020–26ರ ಪ್ರವಾಸೋದ್ಯಮ ನೀತಿ ಕಾರವಾನ್ ಪ್ರವಾಸಕ್ಕೂ ಜಾಗ ಕೊಟ್ಟಿತು. ಹಾಸಿಗೆ, ಒಲೆ, ಫ್ರಿಜ್ ಇರುವ ವಾಹನ ಈ ಹೆದ್ದಾರಿಯಲ್ಲಿ ಕೆಟ್ಟರೆ ಬರುವ ದೂರು ಹಳೆಯದೇ: ರಾತ್ರಿ ಫ್ಯಾನು, ಫ್ರಿಜ್ ಎಲ್ಲ ಓಡಿದವು, ಬೆಳಿಗ್ಗೆ ಸೆಲ್ಫ್ ಹಿಡಿಯುತ್ತಿಲ್ಲ, ‘ಕಟ್ ಕಟ್’ ಅನ್ನುತ್ತದೆ. ಲೆಕ್ಕ ಸರಳ. 12 ವೋಲ್ಟು, 100 ಆಂಪಿಯರ್–ಅವರಿನ ಬ್ಯಾಟರಿಯಲ್ಲಿರುವುದು 1200 ವ್ಯಾಟ್–ಅವರ್. ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಎಳೆಯಬಾರದು. 24 ವ್ಯಾಟಿನ ಫ್ಯಾನು ಎಂಟು ತಾಸಿಗೆ 192 ವ್ಯಾಟ್–ಅವರ್ ತಿನ್ನುತ್ತದೆ, ಅದೊಂದೇ ಆದರೆ ಚಿಂತೆಯಿಲ್ಲ. ಆದರೆ ಇನ್ವರ್ಟರ್ ಮೂಲಕ 1000 ವ್ಯಾಟಿನ ಕೆಟಲ್ ಹಚ್ಚಿದರೆ 80 ಆಂಪಿಯರ್ ಮೀರಿ ಕರೆಂಟು ಹರಿಯುತ್ತದೆ; ತೆಳು ತಂತಿ ಕಾದು ಕರಗುತ್ತದೆ. ಮನೆಯ ಬಳಕೆಯಿಂದ ಎಂಜಿನ್ನಿನ ಬ್ಯಾಟರಿ ಬತ್ತದಿರಲೆಂದೇ ಹೊರದೇಶದ ಮೋಟರ್‌ಹೋಮುಗಳಲ್ಲಿ ಎಂಜಿನ್ನಿಗೊಂದು, ಮನೆಗೊಂದು ಬ್ಯಾಟರಿ ಇಟ್ಟು, ಎಂಜಿನ್ ನಿಂತಾಗ ಎರಡನ್ನೂ ಬೇರ್ಪಡಿಸುವ ರಿಲೇ ಹಾಕುತ್ತಾರೆ. ನಮ್ಮ ಲಾರಿಗಳಿಗೂ ಈ ಎರಡನೆಯ ಬ್ಯಾಟರಿ ಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಲಾರಿಯೊಳಗೆ ಮಲಗುವವನು ಪ್ರವಾಸಿಗನಿಗಿಂತ ಹೆಚ್ಚು ರಾತ್ರಿಗಳನ್ನು ಕಳೆಯುತ್ತಾನೆ.

2020ರ ಏಪ್ರಿಲ್ 1ರಿಂದ ಬಿಎಸ್–6 ಹೊಗೆ ಮಾನದಂಡ ಜಾರಿಯಾದ ಮೇಲೆ ಎಂಜಿನ್ನು ಸೆನ್ಸರುಗಳ ಮಾತು ಕೇಳುತ್ತದೆ. ಹೊಗೆಯ ವಿಷ ತಗ್ಗಿಸುವ ಯೂರಿಯಾ ದ್ರಾವಣ ಮುಗಿದರೆ ಲಾರಿ ತಾನೇ ತನ್ನ ಶಕ್ತಿ ಇಳಿಸಿಕೊಳ್ಳುತ್ತದೆ. ಹೊಗೆಯ ಬಣ್ಣ ನೋಡಿ ಹೇಳಲು ಹೊಗೆಯೇ ಇಲ್ಲ. ಹುಡುಗರು ಸ್ಕ್ಯಾನರ್ ಹಿಡಿದಿದ್ದಾರೆ, ಹಿಡಿಯಲೇಬೇಕು. ಆದರೆ ಸ್ಕ್ಯಾನರ್ ತೋರಿಸುವ ಸೆನ್ಸರ್ ದೋಷದ ಬೇರು ಎಷ್ಟೋ ಸಲ ತುಕ್ಕು ಹಿಡಿದ ಅರ್ಥ್ ಬೋಲ್ಟಿನಲ್ಲಿರುತ್ತದೆ; ಅದನ್ನು ಮುಟ್ಟಿ ನೋಡಬಲ್ಲವರು ಹಳಬರು. ಅವರಲ್ಲಿ ಹಲವರಿಗೆ ಈಗ ಕಿವಿ ಮಂದವಾಗುತ್ತಿದೆ.

ಇದೇ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಬಡಿಗ, ಕಮ್ಮಾರರ ಪದಗಳನ್ನು ಕೂಡಿಹಾಕುವ ಅಲ್ಲಿಯ ಕೈಗಳು ಹೆದ್ದಾರಿಗೂ ಬರಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗ್ಯಾರೇಜುಗಳಲ್ಲಿ ಕೂತು ಹಿರಿಯ ಮಿಸ್ತ್ರಿಗಳ ಮಾತನ್ನು, ಅವರು ಗುರುತಿಸುವ ಒಂದೊಂದು ಸಪ್ಪಳವನ್ನೂ ಧ್ವನಿಮುದ್ರಿಸಲಿ. ಮೆಣಸಿನಕಾಯಿ ಸುಗ್ಗಿ ಮುಗಿದು ಗ್ಯಾರೇಜಿನವರಿಗೆ ಒಂದಿಷ್ಟು ಬಿಡುವಾಗುವ ಜೂನ್ ತಿಂಗಳಲ್ಲೇ ಈ ಕೆಲಸ ಶುರುವಾದರೆ ಒಳ್ಳೆಯದು.